ಅತ್ತೆಯ ಪಾಸಿನಲ್ಲಿ ಅಳಿಯ

ನನ್ನನ್ನು ಜಿಪುಣ ಎನ್ನುವವರು ಕೆಲವರಿದ್ದಾರೆ. ಅವರಲ್ಲಿ ಹೆಚ್ಚಿನವರು ನನ್ನ ಮನೆಯಲ್ಲೇ ಇದ್ದಾರೆ. ನಾನು ಮಾತ್ರ ನನ್ನನ್ನು ಮಿತವ್ಯಯಿ ಎಂದು ಕರೆದುಕೊಳ್ಳುತ್ತೇನೆ. (ಬೇರೆ ಯಾರೂ ಕರೆಯದಿದ್ದರೆ ನಾವೇ ಕರೆದುಕೊಳ್ಳಬೇಕಲ್ಲ!) ಸಣ್ಣ ಊರಿನಲ್ಲಿ ನನ್ನದೊಂದು ಕನ್ನಡಕದ ಅಂಗಡಿ. ಊರಿಗೆಲ್ಲ ದೂರದೃಷ್ಟಿ ಮಾರಿ ಬದುಕುವವನು ನಾನು. ದೊಡ್ಡ ನಗರದಲ್ಲಿರುವ ಭಾವಮೈದುನನ ಮನೆಗೆ ಒಂದು ವಾರದ ಮಟ್ಟಿಗೆ ಹೊರಟಾಗ ಅದರಲ್ಲಿ ಒಂದು ಚೂರನ್ನು ನನಗೂ ಉಳಿಸಿಕೊಂಡಿದ್ದರೆ ಈ ಕಥೆ ಹೇಳುವ ಪ್ರಸಂಗ ಬರುತ್ತಿರಲಿಲ್ಲ.

ಹೊರಟವರು ಮೂವರು. ನಾನು, ನನ್ನ ಹೆಂಡತಿ, ಮತ್ತು ಅವಳ ತಾಯಿ, ಅಂದರೆ ನನ್ನ ಅತ್ತೆ. ಅತ್ತೆಗೆ ಎಪ್ಪತ್ತು ದಾಟಿ ಸಾಕಷ್ಟಾಯಿತು. ಈ ವಿಷಯ ಅತ್ತೆಗೆ ಗೊತ್ತಿದೆ, ಅವರ ಕಾಲುಗಳಿಗೆ ಇನ್ನೂ ಯಾರೂ ತಿಳಿಸಿಲ್ಲ.

ಮೊದಲ ದಿನ ಬೆಳಗ್ಗೆಯೇ ರೈಲು ನಿಲ್ದಾಣದ ಕೌಂಟರಿಗೆ ಹೋದೆವು. ಗೋಡೆಯ ಮೇಲಿನ ದರಪಟ್ಟಿಯನ್ನು ನಾನು ಭಕ್ತಿಯಿಂದ ಓದಿದೆ. ಪ್ರವಾಸಿಗಳ ವಾರದ ಪಾಸಿಗೆ ಅವರು ಹೇಳುತ್ತಿದ್ದ ಬೆಲೆ ನೋಡಿದರೆ, ರೈಲನ್ನು ವಾರದ ಕೊನೆಗೆ ನಮಗೇ ಬಿಟ್ಟುಕೊಡುತ್ತಾರೇನೋ ಅನ್ನಿಸಿತು. ಎಪ್ಪತ್ತು ದಾಟಿದವರಿಗೆ ಮಾತ್ರ, ಹೊರಊರಿನವರಾದರೂ, ಬಸ್ಸು ರೈಲು ಎಲ್ಲ ಉಚಿತ. ಅದರ ಕೆಳಗೆ, ನನ್ನ ಕಸುಬಿನವರ ಕಣ್ಣಿಗೆ ಮಾತ್ರ ಕಾಣುವಂಥ ಅಕ್ಷರಗಳಲ್ಲಿ ಇನ್ನೊಂದು ಸಾಲಿತ್ತು: ಅಂಥವರ ಜೊತೆಗಿರುವ ಒಬ್ಬ ಸಹಾಯಕರಿಗೂ ಉಚಿತ.

ನನ್ನ ಮುಖ ಅರಳಿದ್ದನ್ನು ಕಂಡು ಹೆಂಡತಿಯ ಮುಖ ಬಾಡಿತು. ಮೂವತ್ತು ವರ್ಷದ ಅನುಭವ.

"ರೀ, ಬೇಡ. ಸುಮ್ನೆ ದುಡ್ಡು ಕೊಟ್ಟು ಪಾಸ್ ತಗೊಳ್ಳಿ."

"ಸುಮ್ನೆ ಕೊಡೋಕೆ ದುಡ್ಡೇನು ಸಲಹೇನಾ?"

ಕೌಂಟರಿನ ಹುಡುಗಿ ಅತ್ತೆಯನ್ನು ಕೇಳಿದಳು, "ಅಜ್ಜಿ, ನಿಮ್ಗೆ ಸಹಾಯಕರು ಬೇಕಾ?"

"ಬೇಡಮ್ಮ."

ನಾನು ಕೆಮ್ಮಿದೆ. ಅತ್ತೆ ತಿರುಗಲಿಲ್ಲ. ಇನ್ನಷ್ಟು ಕೆಮ್ಮಿದೆ. ಹಿಂದೆ ನಿಂತಿದ್ದವರು ಎರಡು ಹೆಜ್ಜೆ ದೂರ ಸರಿದರು.

"ಅತ್ತೆ," ಎಂದು ಪಿಸುಗುಟ್ಟಿದೆ, "ಮೊಣಕಾಲು ನೋವು ಅನ್ನಿ."

"ನಂಗೆಲ್ಲಿದೆ ನೋವು? ಅದಿರೋದು ನಿಮ್ಗೆ."

ಇದು ಸತ್ಯ. ಸತ್ಯವನ್ನು ಹೇಳಲು ಅತ್ತೆ ಯಾವಾಗಲೂ ಇಂಥ ಜಾಗಗಳನ್ನೇ ಆರಿಸಿಕೊಳ್ಳುತ್ತಾರೆ. ನಾನು ಕೈಮುಗಿಯುವುದೊಂದು ಬಾಕಿ. ಕೊನೆಗೆ ಅವರಿಗೆ ಕರುಣೆ ಬಂತು.

"ಸರಿ, ಬೇಕು ಅಂತೀನಿ. ಆದ್ರೆ ಒಂದು ಮಾತು ಅಳಿಯಂದ್ರೇ. ನಾನು ಹೋದ ಕಡೆ ನೀವು ಬರ್ಬೇಕು. ನೀವು ಹೋದ ಕಡೆ ನಾನು ಬರಲ್ಲ."

ಹುಡುಗಿ ಅತ್ತೆಯ ಕೈಗೆ ಒಂದು ಕಾರ್ಡು ಕೊಟ್ಟಳು. ನನ್ನ ಕೈಗೆ ಏನೂ ಕೊಡಲಿಲ್ಲ. "ಅಜ್ಜಿ ಗೇಟಿಗೆ ಕಾರ್ಡ್ ತೋರಿಸಿದ ತಕ್ಷಣ ಅವ್ರ ಬೆನ್ನಿಗೇ ನುಗ್ಗಿ. ಅವ್ರನ್ನ ಬಿಟ್ಟು ಒಬ್ರೇ ಸಿಕ್ಕಿಬಿದ್ರೆ ಹತ್ತು ಪಟ್ಟು ದಂಡ," ಎಂದಳು.

ಹೆಂಡತಿ ತನ್ನ ಪರ್ಸಿನಿಂದಲೇ ದುಡ್ಡು ತೆಗೆದು ಪೂರ್ತಿ ಬೆಲೆಯ ಪಾಸ್ ಕೊಂಡಳು. ದಾರಿ ತೋರಿಸಲು ನಮ್ಮ ಜೊತೆ ಬಂದಿದ್ದ ತಮ್ಮನ ಹೆಂಡತಿಯ ಕೈಹಿಡಿದು, ನಮ್ಮ ಕಡೆ ಒಮ್ಮೆ ಕೈಬೀಸಿ, ಎಸ್ಕಲೇಟರಿನಲ್ಲಿ ಸ್ವರ್ಗಾರೋಹಣ ಮಾಡಿದಳು. ಅವಳ ದುಂದುಗಾರಿಕೆಗೆ ನಾನು ಮನಸ್ಸಿನಲ್ಲೇ ಮರುಗಿದೆ.

ನಗರದಲ್ಲಿ ನೋಡಲು ವಸ್ತುಸಂಗ್ರಹಾಲಯವಿದೆ, ಗೋಪುರವಿದೆ, ನದಿಯಲ್ಲಿ ದೋಣಿಗಳಿವೆ. ಅತ್ತೆಗೆ ಇವು ಯಾವುದರಲ್ಲೂ ಆಸಕ್ತಿಯಿಲ್ಲ. ಅವರಿಗಿದ್ದ ಕುತೂಹಲ ಒಂದೇ, ಕೊನೆಯ ನಿಲ್ದಾಣ ಹೇಗಿರುತ್ತದೆ ಎಂಬುದು. ಯಾವ ಬಸ್ಸು ಬಂದರೂ ಹತ್ತುವುದು, ಕಿಟಕಿ ಪಕ್ಕ ಕೂರುವುದು, ಚಾಲಕ ಎಂಜಿನ್ ಆರಿಸುವವರೆಗೆ ಏಳದಿರುವುದು. ಇಳಿದು ನೋಡಿದರೆ ಒಂದು ತಗಡಿನ ಶೆಡ್ಡು, ಒಂದು ಬೆಂಚು, ಕೆಟ್ಟುಹೋದ ಒಂದು ಟೀ ಯಂತ್ರ. ಅತ್ತೆ ಸುತ್ತ ನೋಡಿ, "ನಿನ್ನೇದಕ್ಕಿಂತ ಇಲ್ಲಿ ಗಾಳಿ ಚೆನ್ನಾಗಿದೆ," ಎಂದು ತೀರ್ಪು ಕೊಟ್ಟು, ಇನ್ನೊಂದು ಬಸ್ಸು ಹತ್ತುತ್ತಿದ್ದರು. ಅವರ ಹಿಂದೆ ನಾನು. ನನ್ನ ಹೆಗಲಲ್ಲಿ ಅವರ ಕೆಂಪು ಹೂವಿನ ಕೈಚೀಲ, ಅದರೊಳಗೆ ಅವರ ಶಾಲು, ಫೋನು, ಮಾತ್ರೆ, ಬಿಸ್ಕತ್ತು. ಕಂಕುಳಲ್ಲಿ ಅವರ ಕೊಡೆ.

ಮಧ್ಯದಲ್ಲಿ ಇಳಿಯುವುದೇ ಇಲ್ಲ ಎಂದೇನಲ್ಲ. ಒಮ್ಮೆ ಯಾರೋ ತಮ್ಮ ಅಂಗಳದ ಗುಲಾಬಿ ಗಿಡವನ್ನು ತಪ್ಪಾಗಿ ಕತ್ತರಿಸುತ್ತಿದ್ದುದು ಕಿಟಕಿಯಿಂದ ಕಂಡಿತು. ಅತ್ತೆ ಗಂಟೆ ಒತ್ತಿ ಬಸ್ಸು ನಿಲ್ಲಿಸಿ, ವಾಪಸ್ಸು ನಡೆದು ಹೋಗಿ, ಆ ಮಹಾನುಭಾವನಿಗೆ ಕತ್ತರಿ ಹಿಡಿಯುವುದು ಹೇಗೆಂದು ತೋರಿಸಿಕೊಟ್ಟರು. ಕತ್ತರಿಸಿದ ಕಡ್ಡಿಗಳನ್ನು ಗುಡಿಸಿದವನು ಸಹಾಯಕ.

ಸಂಜೆ ಹೆಂಡತಿ ದೋಣಿಯಲ್ಲಿ ತೆಗೆಸಿಕೊಂಡ ಫೋಟೋ ತೋರಿಸಿದಳು. "ನೀವೇನು ನೋಡಿದ್ರಿ?"

"ಬಸ್ ಡಿಪೋ."

"ಇಡೀ ದಿನ?"

"ಬೇರೆ ಬೇರೆ ಡಿಪೋ ಕಣೇ," ಎಂದೆ ಗಾಂಭೀರ್ಯದಿಂದ. ಭಾವಮೈದುನ ಎದ್ದು ಅಡುಗೆಮನೆಗೆ ಹೋದ. ಒಳಗೆ ಅವನು ಯಾಕೆ ನಕ್ಕನೋ ನಾನು ವಿಚಾರಿಸಲಿಲ್ಲ.

ಮೂರನೆಯ ದಿನ ರೈಲಿನಲ್ಲಿ ಹೋಗುತ್ತಿದ್ದೆವು. ಹಿತವಾಗಿ ಬೆಚ್ಚಗಿತ್ತು. ಹಿಂದಿನ ದಿನದ ಡಿಪೋಗಳು ಕಾಲಲ್ಲಿ ನೋಯುತ್ತಿದ್ದವು. "ಅಳಿಯಂದ್ರೇ, ಇಳಿಯೋಣ" ಎಂದು ಯಾರೋ ಅಂದದ್ದು, ನಾನು "ಹ್ಞೂಂ" ಎಂದದ್ದು ಕನಸಿನಂತೆ ನೆನಪು. ಕಣ್ಣು ಬಿಟ್ಟಾಗ ಪಕ್ಕದಲ್ಲಿ ಅತ್ತೆಯಿರಲಿಲ್ಲ. ಅವರ ಜಾಗದಲ್ಲಿ ಗಡ್ಡ ಬಿಟ್ಟ ಒಬ್ಬ ಯುವಕ ಕೂತು ಸೇಬು ತಿನ್ನುತ್ತಿದ್ದ.

"ಇಲ್ಲಿ ನಮ್ಮತ್ತೆ ಇದ್ರಲ್ಲ?" ಎಂದೆ.

ಅವನು ಸೀಟಿನ ಕೆಳಗೆ ಬಗ್ಗಿ ನೋಡಿದ. ಒಳ್ಳೆಯ ಹುಡುಗ.

ಮುಂದಿನ ನಿಲ್ದಾಣದಲ್ಲಿ ಹಾರಿ ಇಳಿದೆ. ಅತ್ತೆಗೆ ಫೋನ್ ಮಾಡಿದೆ. ನನ್ನ ಹೆಗಲ ಮೇಲಿನ ಕೈಚೀಲ ರಿಂಗಾಯಿತು. ಹೆಂಡತಿಗೆ ಮಾಡೋಣವೆಂದರೆ ಏನೆಂದು ಹೇಳುವುದು? "ನಿಮ್ಮಮ್ಮ ಕಳೆದುಹೋದ್ರು" ಎನ್ನಲೇ? "ಎಲ್ಲೋ ಬಿಟ್ಟುಬಿಟ್ಟೆ" ಎನ್ನಲೇ? ಯಾವ ವಾಕ್ಯವೂ ಆಮೇಲೆ ನಾನು ಊಟ ಮಾಡುವಂತೆ ಮುಗಿಯುತ್ತಿರಲಿಲ್ಲ. ಅತ್ತೆಯ ಬಗ್ಗೆ ಅಳಿಯಂದಿರು ಏನೇನೋ ತಮಾಷೆ ಮಾಡುತ್ತಾರೆ. ನಾನೂ ಮಾಡಿದ್ದೇನೆ. ಆದರೆ ಆ ಶಾಲನ್ನು ಕೈಯಲ್ಲಿ ಹಿಡಿದು, ಗಿಜಿಗುಡುವ ಆ ಪ್ಲಾಟ್‌ಫಾರ್ಮಿನಲ್ಲಿ ನಿಂತಾಗ ನನ್ನ ಕಣ್ಣು ಮಂಜಾಯಿತು. ಹೊರಗೆ ಚಳಿಯಿತ್ತು, ಅವರ ಮೈಮೇಲೆ ತೆಳು ಸ್ವೆಟರು ಮಾತ್ರ. ಹೊರಗೆ ಓಡೋಣವೆಂದರೆ ಗೇಟು ತೆರೆಯದು. ಕಾರ್ಡು ಅತ್ತೆಯ ಬಳಿ.

ಆಗ ತಪಾಸಣೆಯವನು ಬಂದ. ಅವನು ಇಂಥ ಹೊತ್ತಿಗೇ ಬರುತ್ತಾನೆ.

"ಟಿಕೆಟ್?"

"ನನ್ನ ಟಿಕೆಟ್ಟು ನಮ್ಮತ್ತೆ."

"ಅವ್ರೆಲ್ಲಿ?"

"ಕಳೆದುಹೋಗಿದ್ದಾರೆ ಸಾರ್. ನಾನು ಅವ್ರ ಸಹಾಯಕ. ಪಾಪ, ವಯಸ್ಸಾದವರು. ಈ ಊರು ಹೊಸದು, ಏನೂ ಗೊತ್ತಾಗಲ್ಲ ಅವ್ರಿಗೆ. ಎಲ್ಲೋ ಗಾಬರಿಯಾಗಿ ಅಳ್ತಾ ಕೂತಿರ್ತಾರೆ..."

ಅದೇ ಗಳಿಗೆಯಲ್ಲಿ ಧ್ವನಿವರ್ಧಕ ಗೊರಗೊರ ಎಂದು, ಒಂದು ಮಧುರ ಹೆಣ್ಣುದನಿ ಹೊರಟಿತು:

"ಪ್ರಯಾಣಿಕರ ಗಮನಕ್ಕೆ. ಒಬ್ಬ ಗಂಡಸು ಕಳೆದುಹೋಗಿದ್ದಾರೆ. ವಯಸ್ಸು ಐವತ್ತರ ಮೇಲೆ, ನಡುನೆತ್ತಿ ಬೋಳು, ಹೆಗಲಲ್ಲಿ ಕೆಂಪು ಹೂವಿನ ಹೆಂಗಸರ ಕೈಚೀಲ. ಬಾಯಿ ತೆರೆದು ನಿದ್ದೆ ಮಾಡುತ್ತಿರಬಹುದು. ಊರು ಹೊಸದು, ಗಾಬರಿಯಾಗುವ ಸ್ವಭಾವ. ಕಂಡವರು ದಯವಿಟ್ಟು ಮೃದುವಾಗಿ ಮಾತನಾಡಿಸಿ."

ತಪಾಸಣೆಯವನು ನನ್ನ ನೆತ್ತಿ ನೋಡಿದ. ಕೈಚೀಲ ನೋಡಿದ. ಸುತ್ತಲಿದ್ದವರೂ ನೋಡಿದರು. ಆಮೇಲೆ ಅವನು ವೈರ್‌ಲೆಸ್ಸನ್ನು ಬಾಯಿಗೆ ಹಿಡಿದು, "ಸಿಕ್ರು," ಎಂದ. ನನ್ನ ಕಡೆ ತಿರುಗಿ, ತುಂಬ ಮೃದುವಾಗಿ, "ಬನ್ನಿ, ಹೆದರ್ಕೋಬೇಡಿ," ಎಂದ.

ಹಿಂದಿನ ನಿಲ್ದಾಣದ ಕಚೇರಿಯಲ್ಲಿ ಅತ್ತೆ ಅಧಿಕಾರಿಯ ಕುರ್ಚಿಯಲ್ಲಿ ಕೂತು ಟೀ ಕುಡಿಯುತ್ತಿದ್ದರು. ಅಧಿಕಾರಿ ಎದುರು ನಿಂತಿದ್ದರು. ಯಾರದೋ ಬೆಚ್ಚನೆಯ ಕೋಟು ಅತ್ತೆಯ ಹೆಗಲ ಮೇಲಿತ್ತು.

"ಇವರೇನಾ ಅಮ್ಮ ನಿಮ್ಮವರು?" ಎಂದು ಅಧಿಕಾರಿ ಕೇಳಿದರು.

ಅತ್ತೆ ಲೋಟ ಕೆಳಗಿಟ್ಟು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಇಲ್ಲ ಅಂದುಬಿಡುತ್ತಾರೇನೋ ಎಂದು ನಾನು ನಿಜಕ್ಕೂ ಹೆದರಿದೆ.

"ಇವರೇ," ಎಂದರು ನಿಟ್ಟುಸಿರು ಬಿಟ್ಟು. "ದಂಡ ಗಿಂಡ ಹಾಕ್ಬೇಡಿಪ್ಪ. ಬುದ್ಧಿ ಹೇಳ್ತೀನಿ."

ಅಧಿಕಾರಿ ಒಂದು ಪುಸ್ತಕದಲ್ಲಿ ಅವರ ಸಹಿ ಪಡೆದು ನನ್ನನ್ನು ಒಪ್ಪಿಸಿದರು. ಅದರಲ್ಲಿ ನನ್ನ ಹೆಸರಿನ ಮೇಲಿನ ಸಾಲಿನಲ್ಲಿ ಯಾರೋ ಕಳೆದುಕೊಂಡ ಒಂದು ಕೊಡೆ ಮತ್ತು ಒಂದು ಜೊತೆ ಕೈಗವಸು ಇದ್ದವು.

ಮನೆಯಲ್ಲಿ ಅತ್ತೆ ಮಗಳನ್ನು ಕೂರಿಸಿಕೊಂಡು ಗಂಭೀರವಾಗಿ ಹೇಳಿದರು, "ನಾಳೆಯಿಂದ ನಾನೊಬ್ಳೇ ಹೋಗ್ತೀನಿ ಕಣೇ. ನಿನ್ನ ಗಂಡ ಒಳ್ಳೆಯವರೇ, ಇಲ್ಲ ಅನ್ನಲ್ಲ. ಆದ್ರೆ ಅವ್ರನ್ನ ನೋಡ್ಕೊಳ್ಳೋ ಜವಾಬ್ದಾರಿ ಈ ವಯಸ್ಸಲ್ಲಿ ನನ್ನಿಂದಾಗಲ್ಲ."

ಹೆಂಡತಿ ನಗಲಿಲ್ಲ. ನನಗೆ ಭಯವಾದದ್ದೇ ಅದಕ್ಕೆ.

ಮರುದಿನ ಬೆಳಗ್ಗೆ ಪೂರ್ತಿ ಬೆಲೆ ಕೊಟ್ಟು ವಾರದ ಪಾಸ್ ಕೊಂಡೆ. ವಾರದಲ್ಲಿ ಉಳಿದದ್ದು ಅರ್ಧ, ಬೆಲೆ ಮಾತ್ರ ಪೂರ್ತಿ. ಅತ್ತೆ ಆಗಲೇ ಯಾವುದೋ ಬಸ್ಸಿನ ಕಿಟಕಿಯಲ್ಲಿ ಮಾಯವಾಗಿದ್ದರು. ಗೇಟಿನ ಮುಂದೆ ಜನವೋ ಜನ. ಹೆಂಡತಿ ನನ್ನ ಕಡೆ ಕೈಚಾಚಿದಳು. ಇನ್ನು ಪಾಸು ಕೂಡ ಇವಳ ಬಳಿಯೇ ಇರಬೇಕೇನೋ ಎಂದುಕೊಂಡು, ತಲೆತಗ್ಗಿಸಿ ಪಾಸನ್ನು ಅವಳ ಅಂಗೈಯಲ್ಲಿಟ್ಟೆ.

"ಪಾಸಲ್ಲ ರೀ," ಎಂದಳು ಅವಳು, ಅಷ್ಟು ಜನರೆದುರಿಗೆ. "ಕೈ ಕೊಡಿ."