ಅಪ್ಪಟ ಕತ್ತಲೆ

ಎಲ್ಲಕ್ಕೂ ಕಾರಣ ಅಂಗೈಯಗಲದ ಒಂದು ಡಬ್ಬಿ. ಅದನ್ನು ಆಕಾಶಕ್ಕೆ ಹಿಡಿದರೆ ಊರಿನ ಕತ್ತಲೆ ಎಷ್ಟು ಅಪ್ಪಟ ಎಂದು ಅಂಕ ಕೊಡುತ್ತಿತ್ತು. ಒಳ್ಳೆಯ ಅಂಕ ಬಂದರೆ 'ನಕ್ಷತ್ರಗಳ ಊರು' ಎಂಬ ಬಿರುದು. ಆ ಸಂಜೆ ಏಳೂವರೆಗೆ ಡಬ್ಬಿ ಹಿಡಿದು ಅಂಕ ಹಾಕುವ ಮೇಡಂ ಬರುವವರಿದ್ದರು.

ಪುರಸಭೆಯ ಬೀದಿದೀಪದವನು ಹನ್ನೊಂದು ವರ್ಷದಿಂದ ಹಂಗಾಮಿ. ಕಾರ್ಯದರ್ಶಿಗಳು ಬೆಳಿಗ್ಗೆಯೇ ಅವನನ್ನು ಕರೆಸಿದರು. "ಇವತ್ತು ಒಂದು ದೀಪನೂ ಕಾಣಬಾರದು. ಬಿರುದು ಬಂತೋ, ನಿನ್ನ ಕಾಯಂ ವಿಷಯ ಅಲ್ಲೇ ತೀರ್ಮಾನ."

ದೀಪ ಆರಿಸಿ ಎನ್ನುತ್ತ ಅವನು ಮನೆಮನೆ ಹತ್ತಿ ಇಳಿದ. ತನ್ನ ಹೊಲಿಗೆ ಯಂತ್ರದ ಬಲ್ಬು ಕೆಳಗೆ ನೋಡುತ್ತದೆ, ನಕ್ಷತ್ರಗಳಿಗೆ ಅದರಿಂದೇನು ಎಂದು ಟೈಲರ್ ಅಕ್ಕ ವಾದಿಸಿದಳು. ನಿವೃತ್ತ ಮೇಷ್ಟ್ರು ಒಪ್ಪಿದರು, ಆದರೆ ಗ್ರಹಣದ ಬಗ್ಗೆ ಒಂದು ಗಂಟೆ ಪಾಠ ಮಾಡಿದ ಮೇಲೆ. ಸ್ವಂತ ಅತ್ತೆಯೇ ಅಡ್ಡ ನಿಂತರು.

"ಕತ್ತಲಲ್ಲಿ ನನ್ನ ಹಲ್ಲಿನ ಸೆಟ್ಟು ಹುಡುಕೋದು ಹೇಗೆ ಅಳಿಯಂದ್ರೆ?"

"ಬಾಯಲ್ಲೇ ಇಟ್ಕೊಂಡಿರಿ ಅತ್ತೆ."

ಏಳೂವರೆಗೆ ಅವನು ಬೀದಿದೀಪಗಳ ಸ್ವಿಚ್ ಇಳಿಸಿದ. ಊರು ಮಸಿಕುಡಿಕೆಯೊಳಗೆ ಬಿದ್ದಂತಾಯಿತು. ಮರುಕ್ಷಣ ಪ್ರತಿ ಬಾಗಿಲಿಂದಲೂ ಒಂದೊಂದು ಟಾರ್ಚು ಹೊರಬಂತು.

"ನಮ್ಮದು ಆರಿಸಿದೀವಪ್ಪ," ಎಂದಳು ಟೈಲರ್ ಅಕ್ಕ, ಅವನ ಕಣ್ಣಿಗೇ ಬೆಳಕು ಬಿಟ್ಟು. "ಎದುರುಮನೆಯವರು ಆರಿಸಿದಾರಾ ಅಂತ ನೋಡ್ತಿದೀನಷ್ಟೆ."

ಎದುರುಮನೆಯವರೂ ಅದನ್ನೇ ನೋಡುತ್ತಿದ್ದರು. ಬೀದಿ ಮದುವೆಮನೆಯಂತೆ ಬೆಳಗತೊಡಗಿತು. ಅವನು ಬೇಕರಿಯವನಿಂದ ಮೈದಾ ಚೀಲ ಇಸಿದುಕೊಂಡು, ಸಿಕ್ಕಸಿಕ್ಕ ಟಾರ್ಚುಗಳನ್ನು ಕಿತ್ತು ತುಂಬಿದ. ಆರಿಸಲು ಪುರುಸೊತ್ತೆಲ್ಲಿ? ಚೀಲವೇ ಹುಣ್ಣಿಮೆ ಚಂದ್ರನಂತೆ ಹೊಳೆಯಿತು. ಅಷ್ಟರಲ್ಲಿ ಮೇಡಂ ಬಂದರು. ಬೇರೆ ದಾರಿ ತೋಚದೆ ಅವನು ಮೇಲಂಗಿ ಬಿಚ್ಚಿ ಚೀಲಕ್ಕೆ ಹೊದಿಸಿ, ಅದರ ಮೇಲೆ ಕೋಳಿ ಕಾವಿಗೆ ಕೂತಂತೆ ಕೂತುಬಿಟ್ಟ.

ಮೇಡಂ ಡಬ್ಬಿ ಎತ್ತಿದರು. ಊರು ಉಸಿರು ಬಿಗಿಹಿಡಿಯಿತು. ಮೇಲೆ ನಕ್ಷತ್ರಗಳು, ಯಾರೋ ಚೆಲ್ಲಿ ಮರೆತ ಸಕ್ಕರೆಯ ಹಾಗೆ.

"ಮೊದಲನೇ ದರ್ಜೆ," ಎಂದರು ಮೇಡಂ. "ಬಿರುದು ನಿಮ್ಮದೇ. ಷರತ್ತು ಒಂದೇ, ಇನ್ನು ಮೇಲೆ ಬೀದಿದೀಪ ಹಚ್ಚೋ ಹಾಗಿಲ್ಲ."

ಊರೆಲ್ಲ ಚಪ್ಪಾಳೆ ತಟ್ಟಿತು. ಆ ಗದ್ದಲದಲ್ಲಿ ಕಾರ್ಯದರ್ಶಿಗಳು ಚೀಲದ ಬಳಿ ಬಗ್ಗಿದರು. "ತೀರ್ಮಾನ ಆಯ್ತಪ್ಪ. ದೀಪನೇ ಇಲ್ಲದ ಮೇಲೆ ದೀಪದವನನ್ನ ಏನಂತ ಕಾಯಂ ಮಾಡ್ಲಿ? ನಾಳೆಯಿಂದ ಬರಬೇಡ."

ಅವನು ಕೂತಲ್ಲೇ ಕೂತಿದ್ದ. ಇದು ಕೇಳಿಸದ ಬೇಕರಿಯವನು ಅಭಿನಂದಿಸಲು ಕತ್ತಲಲ್ಲಿ ತಡಕಾಡುತ್ತ ಬಂದು, ಬೀದಿದೀಪದ ಕಂಬವನ್ನು ಬಿಗಿಯಾಗಿ ತಬ್ಬಿಕೊಂಡ.

"ಅಂತೂ ಕಾಯಂ ಆದೆಯಲ್ಲೋ," ಎಂದ. "ಸಂತೋಷಕ್ಕೆ ನಿಂಗೆ ಮಾತೇ ಹೊರಡ್ತಿಲ್ಲ ನೋಡು."