ಸ್ವಿಚ್ ಮುಟ್ಟದ ಷಡ್ಡಕ

ನನ್ನ ಷಡ್ಡಕನಿಗೆ ಸ್ವಿಚ್ ಒತ್ತುವುದೆಂದರೆ ಅವಮಾನ. ಮನುಷ್ಯ ಒಳಗೆ ಬಂದರೆ ದೀಪ ತಾನೇ ಹತ್ತಬೇಕು, ಕೋಣೆ ಖಾಲಿಯಾದರೆ ತಾನೇ ಆರಬೇಕು. ಅದಕ್ಕೆಂದು ಬಸವೇಶ್ವರನಗರದ ತನ್ನ ಬಾಡಿಗೆ ಮನೆಯ ಗೋಡೆಗಳಿಗೆಲ್ಲ ಸೆನ್ಸರ್ ಕೂರಿಸಿ, ಮಂಚದ ಕೆಳಗೊಂದು ಕಂಪ್ಯೂಟರ್ ಇಟ್ಟಿದ್ದಾನೆ. ನೋಡಲು ಜನವೋ ಜನ. ಚಿಕ್ಕಪೇಟೆಯಲ್ಲಿ ಅಂಗಡಿ ಅಂಗಡಿ ಸುತ್ತಿ, ಚೌಕಾಸಿ ಮಾಡಿ ಒಂದೊಂದೇ ಸ್ವಿಚ್ ತಂದು ಮೂಡಲಪಾಳ್ಯದಲ್ಲಿ ಸ್ವಂತ ಮನೆ ಕಟ್ಟಿದವನು ನಾನು. ನನ್ನ ಸ್ವಿಚ್ ಬೋರ್ಡ್ ನೋಡಲು ಯಾರಾದರೂ ಬಂದಿದ್ದಾರೆಯೇ?

ಅದೂ ಹೋಗಲಿ. ಒಂದು ವರ್ಷದಿಂದ ನಮ್ಮಲ್ಲಿದ್ದ ಅತ್ತೆ, "ಅದೇನೋ ದೀಪವಂತೆ, ನೋಡ್ಕೊಂಡು ಎರಡು ದಿನದಲ್ಲಿ ಬರ್ತೀನಿ" ಎಂದು ಹೋದವರು ಎರಡು ತಿಂಗಳಾದರೂ ವಾಪಸ್ಸು ಬರಲಿಲ್ಲ. ಹೊಟ್ಟೆ ಉರಿಯದೇ ಇರುತ್ತದೆಯೇ? ಇಬ್ಬರು ಅಳಿಯಂದಿರಲ್ಲಿ ಹಿರಿಯವನು ನಾನಲ್ಲವೇ?

ಮೊದಲ ವಾರವೇ ಒಂದು ಸಿಹಿ ಸುದ್ದಿ ಬಂದಿತ್ತು. ಅತ್ತೆ ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಅಲುಗಾಡದೆ ಕೂತರೆ, ಕೋಣೆ ಖಾಲಿಯೆಂದು ತಿಳಿದು ದೀಪ ಆರಿಬಿಡುತ್ತಿತ್ತಂತೆ. "ಕುಣೀತಾ ಪೂಜೆ ಮಾಡ್ಲೇನಪ್ಪಾ?" ಎಂದು ಕೇಳಿದರಂತೆ. ಇನ್ನೇನು ಬಂದೇಬಿಟ್ಟರು ಎಂದುಕೊಂಡೆ. ಆ ಪುಣ್ಯಾತ್ಮ ಮಣೆಯ ಕೆಳಗೆ ಏನೋ ಪಟ್ಟಿ ಅಂಟಿಸಿ, ಅವರು ಕೂತಷ್ಟು ಹೊತ್ತೂ ದೀಪ ಉರಿಯುವಂತೆ ಮಾಡಿದ.

ಕೊನೆಗೆ ಕರೆತರಲು ನಾನೇ ಹೋದೆ. ಮುಸ್ಸಂಜೆ. ದೀಪ ಹತ್ತಿದೊಡನೆ ಕೈಮುಗಿಯುವುದು ಅತ್ತೆಯ ರೂಢಿ. ಇವನ ದೀಪವೋ, ಹಾಲು ಕಾಯುವಷ್ಟು ನಿಧಾನ. ಅತ್ತೆ ಕೈಮುಗಿದು ನಿಂತೇ ಇದ್ದರು.

"ಪೂರ್ತಿ ಬಂತೇನಪ್ಪಾ? ಕೈ ಇಳಿಸ್ಲಾ?"

"ಇರಿ ಅತ್ತೆ, ಇನ್ನೂ ಅರ್ಧ ಇದೆ," ಎಂದ ಷಡ್ಡಕ.

ಇಂಥ ಸಮಯ ಬಿಡಬಾರದು. "ನಮ್ಮನೇಲಿ ಟಕ್ ಅಂತ ಹತ್ತುತ್ತೆ ಅತ್ತೆ. ನಡೀರಿ ಹೋಗೋಣ," ಎಂದೆ.

ಅತ್ತೆ ನೆಲ ನೋಡಿದರು. ಷಡ್ಡಕ ಒಳಗಿನಿಂದ ಪುಟ್ಟ ದೀಪಗಳ ಸರವೊಂದನ್ನು ತಂದ.

"ಭಾವ, ಇದು ನಿಮ್ಮನೆ ಪ್ಯಾಸೇಜಿಗೆ ಅಂತ ಮಾಡಿದ್ದು. ಅತ್ತೆ ಕಾಲಿಟ್ಟ ಕಡೆ ಮಾತ್ರ ನೆಲದಂಚಲ್ಲಿ ಬೆಳಕು ಬರುತ್ತೆ. ಕರೆಂಟೂ ಜಾಸ್ತಿ ಎಳೆಯಲ್ಲ."

"ನಮ್ಮನೆ ಅಳತೆ ಯಾವಾಗ ತಗೊಂಡೆ?"

"ಅತ್ತೇನೇ ಹೇಳಿದ್ರು. ಹಾಸಿಗೆಯಿಂದ ಬಚ್ಚಲಿಗೆ ಹದಿಮೂರು ಹೆಜ್ಜೆ. ಕಣ್ಣು ಮಂಜಲ್ವಾ, ಕತ್ತಲಲ್ಲಿ ಎಣಿಸ್ಕೊಂಡೇ ಹೋಗ್ತಿದ್ರಂತೆ."

ಲೈಟ್ ಹಾಕಿಕೊಳ್ಳೋಕೇನು ಎಂಬ ಮಾತು ಬಾಯಿಯವರೆಗೆ ಬಂದು ನಿಂತಿತು. ಮಲಗುವ ಮುಂಚೆ ಪ್ಯಾಸೇಜಿನ ದೀಪ ಆರಿಸಿ, ಕರೆಂಟು ಉಳಿಸುವುದು ಹೇಗೆಂದು ಮನೆಮಂದಿಗೆಲ್ಲ ಬುದ್ಧಿ ಹೇಳುತ್ತಿದ್ದವನು ನಾನೇ. ಇಡೀ ಒಂದು ವರ್ಷ ಆ ಹಿರಿಯ ಜೀವ ನನ್ನ ಸೂರಿನಡಿ ಹೆಜ್ಜೆ ಎಣಿಸುತ್ತಿತ್ತು.

ಮುಂದಿನ ಭಾನುವಾರ ಷಡ್ಡಕ ಬಂದು ನಮ್ಮ ಗೋಡೆಯಂಚಿಗೆ ಆ ಸರ ಕೂರಿಸಿದ. ಅವನ ಪಕ್ಕ ಮಂಡಿಯೂರಿ, ಒಂದೊಂದೇ ಸ್ಕ್ರೂ ಅವನ ಕೈಗಿಟ್ಟವನು ನಾನು.