ಸೋಲಾರ್ ಹಾಕಿಸುವುದೋ ಬೇಡವೋ

ಯಾವ ವಿಷಯವನ್ನೇ ಆಗಲಿ ತೀರ್ಮಾನಿಸಬೇಕಾಗಿ ಬಂದರೆ ನನಗೆ ಮೊದಲು ಆಕಳಿಕೆ ಬರುತ್ತದೆ. ಆಫೀಸಿನಲ್ಲಿದ್ದಾಗ ಇದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಕಡತವನ್ನು ಮೇಲಿನವರಿಗೆ ಕಳಿಸಿದರೆ ಮುಗಿಯಿತು. ನಿವೃತ್ತನಾಗಿ ಅಲ್ಲಾಳಸಂದ್ರದ ಮನೆಯಲ್ಲಿ ಕೂತ ಮೇಲೆ ನನಗೆ ಮೇಲಿನವರೆಂದರೆ ಹೆಂಡತಿ ಶಾರದೆ ಒಬ್ಬಳೇ. ಅವಳಿಗೆ ಕಳಿಸಿದ ಕಡತ ಮಾತ್ರ ತಕ್ಷಣ ವಾಪಸ್ ಬರುತ್ತದೆ. ತಾರಸಿಯ ಮೇಲೆ ಸೋಲಾರ್ ಪ್ಯಾನೆಲ್ ಹಾಕಿಸೋಣವೇ ಎಂದು ಕೇಳಿದಾಗಲೂ, "ನೀವೇ ನೋಡ್ಕೊಂಡು ಹೇಳಿ, ನಂಗೇನ್ ಗೊತ್ತಾಗುತ್ತೆ" ಎಂದು ಕುಕ್ಕರ್ ಇಟ್ಟಳು.

ನೋಡಿದೆ. ಕೆರೆಯ ಸುತ್ತ ನಡೆಯುವಾಗ ಸಿಕ್ಕವರನ್ನೆಲ್ಲ ಕೇಳಿದೆ, ಅದೇ ತಪ್ಪಾಯಿತು. ಒಬ್ಬರು, "ಕಣ್ಮುಚ್ಕೊಂಡು ಹಾಕ್ಸಿ ಸಾರ್, ಬಿಸಿಲಿಗೇನ್ ದುಡ್ಡು ಕೊಡ್ಬೇಕಾ?" ಎಂದರು. ಇನ್ನೊಬ್ಬರು, "ಸುಮ್ನಿರಿ, ಅದನ್ನ ತೊಳೆಯೋರ್ಯಾರು? ಈ ರೋಡಿನ ಧೂಳೆಲ್ಲ ಅದರ ಮೇಲೇ ಕೂರೋದು" ಎಂದರು. ಆಮೇಲೆ ಪ್ಯಾನೆಲ್ ಮಾರುವವನು ಟೇಪು ಹಿಡಿದು ಬಂದ. ಕರೆಂಟ್ ಹೋದಾಗ ಇದು ನಡೆಯುತ್ತದೆಯೇ ಎಂದು ಕೇಳಿದೆ. "ಇಲ್ಲ ಸಾರ್, ಕರೆಂಟ್ ಹೋದ್ರೆ ಇದೂ ಆಫ್ ಆಗುತ್ತೆ. ಲೈನ್ ರಿಪೇರಿ ಮಾಡೋರಿಗೆ ಶಾಕ್ ಹೊಡೀಬಾರ್ದಲ್ಲ. ಬ್ಯಾಟರಿ ಬೇಕಂದ್ರೆ ಬೇರೆ ಲೆಕ್ಕ" ಎಂದ. ಸೂರ್ಯ ನೆತ್ತಿಯ ಮೇಲೆ ಉರಿಯುತ್ತಿರುವಾಗ, ಅವನನ್ನೇ ನೆಚ್ಚಿದ ಮನೆಯಲ್ಲಿ ಫ್ಯಾನು ನಿಂತು ನಾನು ಬೀಸಣಿಗೆ ಹುಡುಕುವ ದೃಶ್ಯ ಕಣ್ಣಿಗೆ ಕಟ್ಟಿತು. ನೆನೆದೇ ಸುಸ್ತಾಯಿತು. ಹೋಗುವಾಗ ಅವನು, "ಯಾವ ಹೊತ್ತಲ್ಲಿ ಎಲ್ಲಿ ನೆರಳು ಬೀಳುತ್ತೆ ಅಂತ ಸ್ವಲ್ಪ ದಿನ ನೋಡಿಡಿ ಸಾರ್" ಎಂದು ಇನ್ನೊಂದು ಕೆಲಸ ಹಚ್ಚಿ ಹೋದ.

ಹೀಗೆ ನಾನು ಕುರ್ಚಿ, ಛತ್ರಿ ಹಿಡಿದು ತಾರಸಿ ಹತ್ತಿದೆ. ಮರುದಿನವೇ ಶಾರದೆ ಹಳೆಯ ಪಂಚೆ ಹಾಸಿ ಸಂಡಿಗೆ ಇಟ್ಟಳು. "ಹೇಗೂ ಕೂತಿರ್ತೀರಲ್ಲ, ಕಾಗೆ ಬಂದ್ರೆ ಓಡಿಸಿ." ಆಮೇಲೆ ಮೆಣಸಿನಕಾಯಿ ಬಂತು, ಧನಿಯ ಬಂತು, ರಾಗಿ ಬಂತು, ಕೊನೆಗೆ ದಿಂಬುಗಳೂ ಬಂದವು. ಬೇಸಿಗೆಯೆಲ್ಲ ಕಾಗೆ ಓಡಿಸಿ ಮೂಗು ಕಪ್ಪಾಯಿತು. ಒಮ್ಮೆ ಯಲಹಂಕದ ಕಡೆಯಿಂದ ಯುದ್ಧವಿಮಾನ ಗುಡುಗುತ್ತ ಬಂದಾಗ ಕಾಗೆಗಳು ಕದಲಲಿಲ್ಲ, ನಾನೇ ಎದ್ದು ಓಡಿದೆ.

ಕೊನೆಗೆ ಪ್ಯಾನೆಲ್ಲಿನವನು ಮತ್ತೆ ಬಂದು, ಬಿಸಿಲು ಭರ್ಜರಿಯಾಗಿದೆ, ಆದರೆ ಸಂಡಿಗೆ ಒಣಗುವ ಜಾಗವಷ್ಟೂ ಬೇಕಾಗುತ್ತದೆ ಎಂದ. ನನಗೆ ಸಂಕಟವಾಯಿತು. ಪಾಪ, ಅವಳಿಗೆ ಇರುವುದೇ ಅಷ್ಟು ಬಿಸಿಲು, ಅದನ್ನೂ ಕಿತ್ತುಕೊಳ್ಳುವುದೇ? ಆದರೂ ಒಮ್ಮೆಯಾದರೂ ಮನಸ್ಸು ಗಟ್ಟಿ ಮಾಡೋಣವೆಂದು ಕೆಳಗಿಳಿದು, "ಹಾಕಿಸಿಬಿಡ್ತೀನಿ ಕಣೇ. ಸಂಡಿಗೆ ಅಂಗಡೀಲಿ ತಂದ್ರಾಯ್ತು" ಎಂದೆ.

"ಅಯ್ಯೋ, ಬೇಡ ರೀ!" ಎಂದಳು ಶಾರದೆ, ಸೌಟು ಹಿಡಿದುಕೊಂಡೇ.

"ಸಂಡಿಗೆ ಮೇಲೆ ಅಷ್ಟೊಂದು ಆಸೆನಾ ನಿಂಗೆ?"

"ಸಂಡಿಗೆ ಯಾರಿಗ್ರೀ ಬೇಕು? ಅಟ್ಟದಲ್ಲಿ ಸಂಡಿಗೆ ಡಬ್ಬ ಇಡೋಕೇ ಜಾಗ ಇಲ್ಲ. ನೀವು ಟೆರೇಸಲ್ಲೇ ಇರ್ಬೇಕು ಅಂತ ಅದನ್ನೆಲ್ಲ ಒಣಗೋಕೆ ಇಟ್ಟಿದ್ದು. ಬೇಜಾರ್ ಮಾಡ್ಕೋಬೇಡಿ. ನೀವು ಆಫೀಸಿಗೆ ಹೋಗ್ತಿದ್ದಷ್ಟು ವರ್ಷ ಹಗಲು ಹೊತ್ತು ಈ ಮನೆ ನಂದು ಅನ್ಸೋದು. ಈಗ ಕುಕ್ಕರ್ ಕೂಗಿದ್ರೆ ಎಷ್ಟನೇ ಸೀಟಿ ಅಂತೀರಿ. ಫ್ರಿಜ್ ತೆಗೆದ್ರೆ ಏನ್ ಹುಡುಕ್ತಿದೀಯ ಅಂತೀರಿ. ಫೋನಲ್ಲಿ ನಕ್ಕರೆ ಯಾರದು ಅಂತೀರಿ. ಸಾಕಾಗಿದೆ ರೀ ನಂಗೆ."

ನನಗೆ ನಿಜಕ್ಕೂ ನೋವಾಯಿತು. ಬೇಸಿಗೆಯಿಡೀ ನಾನು ಸೂರ್ಯನನ್ನು ಪರೀಕ್ಷಿಸುತ್ತಿದ್ದೇನೆ ಎಂದುಕೊಂಡಿದ್ದೆ. ಆದರೆ ಅವಳ ಕಣ್ಣಲ್ಲಿ ನೀರಿತ್ತು. ಸುಸ್ತಾಗಿರುವುದು ನಾನೊಬ್ಬನೇ ಅಲ್ಲ ಎಂದು ಆಗ ತಿಳಿಯಿತು. ಪ್ಯಾನೆಲ್ಲಿನವನಿಗೆ ಫೋನ್ ಮಾಡಿ, "ಇನ್ನೂ ಸ್ವಲ್ಪ ದಿನ ನೆರಳು ನೋಡ್ಬೇಕಪ್ಪಾ" ಎಂದೆ.

ಈಗ ಮಳೆಗಾಲ ಹತ್ತಿರ ಬಂದಿದೆ. ಇನ್ನು ನಾನು ಕೆಳಗೇ ಇರಬೇಕಲ್ಲ ಎಂದುಕೊಳ್ಳುವಷ್ಟರಲ್ಲಿ, ಶಾರದೆ ಯಾರನ್ನೂ ಕೇಳದೆ ತಾರಸಿಗೆ ಶೀಟು ಹೊದಿಸಲು ಜನ ಕರೆಸಿದ್ದಾಳೆ. ಅದರ ಕೆಳಗೆ ನನಗೊಂದು ಫ್ಯಾನು ಬೇಕೋ ಬೇಡವೋ ಎಂಬುದನ್ನು ಮಾತ್ರ ನನಗೇ ಬಿಟ್ಟಿದ್ದಾಳೆ. ಯೋಚಿಸುತ್ತಿದ್ದೇನೆ.